ಹೋಟೆಲ್ ಪಂಚಮಿಯ ಆರು ಕಾರ್ಡುಗಳು

ಜನವರಿ 27, ಮಂಗಳವಾರ

ತರಬೇತಿ ಆಫೀಸಿಗೆ ಕೊಡುವ ಪುಸ್ತಕ ಬೇರೆ ಇದೆ. ಅದರಲ್ಲಿ ಎಷ್ಟು ಗಂಟೆಗೆ ಅಕ್ಕಿ ನೆನೆಸಿದೆ, ಎಷ್ಟು ಗಂಟೆಗೆ ರುಬ್ಬಿದೆ ಅಂತ ಬರೆಯಬೇಕಂತೆ. ಬರೆದೆ. ಇಪ್ಪತ್ತೆಂಟು ವರ್ಷ ಯಾರೂ ಕೇಳದ್ದನ್ನು ಈಗ ಸರ್ಕಾರ ಕೇಳುತ್ತಿದೆ, ಕೇಳಲಿ. ಆದರೆ ಅದರಲ್ಲಿ ಮನಸ್ಸಿನ ಮಾತು ಬರೆದರೆ ಅಲ್ಲಿಯ ರೇಣು ಮೇಡಂ ಹಸಿರು ಪೆನ್ನಿನಲ್ಲಿ ಗೆರೆ ಎಳೆಯುತ್ತಾರೆ. ಹಾಗಾಗಿ ಕಾಫಿಪುಡಿಯವನು ಕೊಟ್ಟ ಈ ಡೈರಿ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಅಡುಗೆಮನೆ ತಣ್ಣಗಿರುತ್ತದೆ. ಆ ಒಂದು ಗಂಟೆ ನನ್ನದು.

ವಿಷಯ ಇಷ್ಟು. ಅಡುಗೆ, ಹೊಲಿಗೆ, ವೆಲ್ಡಿಂಗು ಇಂಥದ್ದನ್ನು ಕಲಿಸಲಿಕ್ಕೆ ಸರ್ಕಾರ ದುಡ್ಡು ಕೊಡುತ್ತದೆ. ಇಷ್ಟು ದಿನ ಅದು ತರಬೇತಿ ಸಂಸ್ಥೆಗೆ ಹೋಗುತ್ತಿತ್ತು, ರಿಜಿಸ್ಟರಿನಲ್ಲಿ ಎಷ್ಟು ಹೆಸರೋ ಅಷ್ಟು. ಕಲಿತರೋ ಬಿಟ್ಟರೋ ಕೇಳುವವರಿಲ್ಲ. ಈಗ ಪ್ರಯೋಗಕ್ಕೆ ಅಂತ ಹೊಸ ಪದ್ಧತಿ. ಕಲಿಯುವವಳ ಕೈಯಲ್ಲಿ ಒಂದು ಕಾರ್ಡು. ಅವಳು ಎಲ್ಲಿ ಕಲಿಯುತ್ತೇನೆ ಅನ್ನುತ್ತಾಳೋ ದುಡ್ಡು ಅಲ್ಲಿಗೆ. ಅರ್ಧ ಕಲಿಸುವಾಗ, ಇನ್ನರ್ಧ ಅವಳು ಮೂರು ತಿಂಗಳು ಸಂಬಳದ ಕೆಲಸದಲ್ಲಿ ನಿಂತ ಮೇಲೆ. ನಮ್ಮಂಥ ಹೋಟೆಲಿನಲ್ಲೂ ಕಲಿಸಬಹುದು, ಆದರೆ ಕಲಿಸುವವರು ಪರೀಕ್ಷೆ ಪಾಸಾಗಿರಬೇಕು. ಕಡಿಮೆಯೆಂದರೆ ನಾಲ್ಕು ಜನ ನಮ್ಮನ್ನು ಆರಿಸಬೇಕು. ಇಲ್ಲೇ ಪಕ್ಕದ ಭೋಸರಿಯ ಆರು ಹೆಂಗಸರಿಗೆ ಕಾರ್ಡು ಸಿಕ್ಕಿದೆ. ಮಾರ್ಚ್ ಮುಗಿಯುವುದರೊಳಗೆ ಅವರು ಜಾಗ ಆರಿಸದಿದ್ದರೆ ದುಡ್ಡು ವಾಪಸ್ಸು, ಕಾರ್ಡು ರದ್ದಿ.

ಇದನ್ನೆಲ್ಲ ಹೇಳಿದ್ದು ತರಬೇತಿ ಆಫೀಸಿನ ರೇಣು ಮೇಡಂ. ಇಂಡಿ ಕಡೆಯವರು, ಮಾತು ಜೋರು, ಮನಸ್ಸು ಮೆತ್ತಗೆ.

ಹೋಟೆಲು ಭಾವನದ್ದು. ನನ್ನ ಗಂಡನ ಅಣ್ಣ, ತನಿಯಪ್ಪ. ನನ್ನವರು ತೀರಿಹೋಗಿ ಒಂಬತ್ತು ವರ್ಷವಾದರೂ ನಾನು ಮರಾಠಿ ನಾಡಿನ ಈ ನಿಗಡಿಯ ಅಡುಗೆಮನೆ ಬಿಟ್ಟಿಲ್ಲ. ಭಾವ ಹೇಳಿದರು, "ಪರೀಕ್ಷೆ ನಿನಗೆ ಮಾರಾಯ್ತಿ. ನನಗೆ ಗಲ್ಲಾ ಒಂದು ಸಾಕು." ನನಗೆ ಪರೀಕ್ಷೆಯಂತೆ. ಇಡ್ಲಿ ಹಿಟ್ಟು ಕೇಳಿದರೆ ನಗುತ್ತದೆ.

ಫೆಬ್ರವರಿ 3, ಮಂಗಳವಾರ

ಆರೂ ಹೆಂಗಸರು ಬಂದರು. ಪರೀಕ್ಷೆಯವರೆಗೆ ಬೆಳಿಗ್ಗೆ ಎರಡು ಗಂಟೆ ಸುಮ್ಮನೆ ನೋಡಿ ಹೋಗುವುದು. ಎಲ್ಲ ಬಡಗಣ ಕನ್ನಡದ ಕಡೆಯವರು. ಅದರಲ್ಲಿ ಒಬ್ಬಳು ಬಸವಣ್ಣೆವ್ವ ಅಂತ, ಪ್ಲಾಸ್ಟಿಕ್ ಚೀಲದಿಂದ ಒಂದು ಸರ್ಟಿಫಿಕೇಟು ತೆಗೆದು ತೋರಿಸಿದಳು. ಚಿನ್ನದ ಬಣ್ಣದ ಅಂಚು. ಯಾವುದೋ ಸಂಸ್ಥೆಯಲ್ಲಿ ಆರು ತಿಂಗಳು ಅಡುಗೆ ಕಲಿತದ್ದಕ್ಕೆ.

"ಎಷ್ಟು ಜನಕ್ಕೆ ಅಡುಗೆ ಮಾಡಿದ್ದಿ?" ಅಂತ ಕೇಳಿದೆ.

"ಒಲಿನs ಹಚ್ಚಿಲ್ರಿ. ನಲವತ್ತು ಮಂದಿಗೆ ಒಂದ ಗ್ಯಾಸ್ ಇತ್ತು. ಗ್ವಾಡಿ ಮ್ಯಾಲ ಚಿತ್ರ ತೋರಸ್ತಿದ್ರು."

ಒಲೆ ಹಚ್ಚದವಳಿಗೆ ಚಿನ್ನದ ಅಂಚು. ಇಪ್ಪತ್ತೆಂಟು ವರ್ಷ ಬೆಂಕಿಯ ಮುಂದೆ ನಿಂತವಳಿಗೆ ಒಂದು ಚೀಟಿಯೂ ಇಲ್ಲ. ಚೆಂದ ಉಂಟು ಲೋಕ.

ಸಾಬವ್ವ ಅಂತ ಇನ್ನೊಬ್ಬಳು ಸೌಟಿನಿಂದ ಸಾಂಬಾರು ಅಂಗೈಗೆ ಹಾಕಿ ನೆಕ್ಕಿದಳು. ನನಗೆ ಮೈಯೆಲ್ಲ ಉರಿಯಿತು. ದೇವರ ಪಟದ ಮುಂದೆ ಇಡದ ಅಡುಗೆಯನ್ನು ಎಂಜಲು ಮಾಡುವುದೇ? ಅತ್ತೆ ನನಗೆ ಮೊದಲನೇ ದಿನ ಹೇಳಿದ್ದೇ ಅದು, ನಾಲಗೆಯಲ್ಲಿ ಅಡುಗೆ ಮಾಡುವವಳು ಹೊಟ್ಟೆಬಾಕಿ, ಮೂಗಿನಲ್ಲಿ ಮಾಡುವವಳು ಹೆಂಗಸು. ಅವತ್ತಿನಿಂದ ನಾನು ರುಚಿ ನೋಡಿ ಅಡುಗೆ ಮಾಡಿದವಳಲ್ಲ. ಊಟಕ್ಕೂ ನನಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಇಡೀ ದಿನ ಸಾಂಬಾರಿನ ಹಬೆಯಲ್ಲಿ ನಿಂತವಳಿಗೆ ಅದನ್ನು ಉಣ್ಣಲಿಕ್ಕೂ ಮನಸ್ಸಾಗುವುದಿಲ್ಲ.

ಆರು ಜನರಿಗೂ ಕೇಳುವ ಹಾಗೆ ಬೈದೆ.

ಫೆಬ್ರವರಿ 11, ಬುಧವಾರ

ಇಂಗಿನವನನ್ನು ಫೋನಿನಲ್ಲಿ ಹಿಡಿದು ಝಾಡಿಸಿದೆ. ಡಬ್ಬಿಯಲ್ಲಿ ಬರೀ ಮೈದಾ, ವಾಸನೆಯೇ ಇಲ್ಲ. ಮೊದಲು ಒಂದು ಚಿಟಿಕೆ ಸಾಕಾಗುತ್ತಿತ್ತು, ಈಗ ಚಮಚ ಹಾಕಿದರೂ ನಾಸ್ತಿ. ಕಾಫಿಪುಡಿಯೂ ಹಾಗೇ, ಮರದ ಪುಡಿ. ಎಲ್ಲದರಲ್ಲೂ ಕಲಬೆರಕೆ.

ಭಾವನ ಕಾಟ ಬೇರೆ. ದಿನಾ ಹನ್ನೊಂದಕ್ಕೆ ಸರಿಯಾಗಿ ಒಳಗೆ ಬಂದು, "ನೀನು ಹೊರಗೆ ಹೋಗಿ ಪಟಕ್ಕೆ ಹೂ ಹಾಕು, ಚಾ ಕುಡಿ, ಇಲ್ಲಿ ನಾನು ನೋಡ್ತೇನೆ" ಅನ್ನುತ್ತಾರೆ. ಎಂತ ನೋಡುವುದು? ತೆಂಗಿನಕಾಯಿ ಎಷ್ಟು ಒಡೆದೆ ಅಂತ ಲೆಕ್ಕವೇ ಇರಬೇಕು. ಇಷ್ಟು ವರ್ಷ ಬೆವರು ಸುರಿಸಿದವಳ ಮೇಲೆ ನಂಬಿಕೆ ಇಲ್ಲ. ಬಾಯಿ ಬಿಟ್ಟು ಕೇಳಿಲ್ಲ, ಒಂದು ದಿನ ಕೇಳುತ್ತೇನೆ.

ಆ ಸರ್ಟಿಫಿಕೇಟಿನ ಹೆಂಗಸು ನಾನು ಕೊತ್ತಂಬರಿ ಹುರಿಯುವಾಗ ನನ್ನ ಮುಖವನ್ನೇ ನೋಡುತ್ತಾಳೆ. ಬಾಣಲೆ ನೋಡು ಅಂದೆ.

ಫೆಬ್ರವರಿ 18, ಬುಧವಾರ

ಫೇಲು.

ಪರೀಕ್ಷೆ ಮಾಡಲಿಕ್ಕೆ ಬಂದವರು ಪೂರ್ವಾ ಅಂತ, ಮರಾಠಿಯವರು, ನನಗೊಬ್ಬ ಮಗಳಿದ್ದರೆ ಅವಳ ವಯಸ್ಸು. ಭಾವನನ್ನು ಅಡುಗೆಮನೆಯ ಬಾಗಿಲಿನಿಂದಲೇ ಹೊರಗೆ ಕಳಿಸಿದರು. ಪರೀಕ್ಷೆ ನಡೆಯುವಾಗ ಬೇರೆಯವರು ಬರಬಾರದಂತೆ. ಭಾವ ಹೋಗುವಾಗ ಎರಡು ಸಲ ತಿರುಗಿ ನೋಡಿದರು.

ಇಡ್ಲಿ, ಚಟ್ನಿ, ಸಾಂಬಾರು, ಎಲ್ಲ ಹೊತ್ತಿಗೆ ಸರಿಯಾಗಿ ಆಯಿತು. ಬಡಿಸಿದೆ. "ಚವ್ ನಾಹೀ ಬಘಿತಲೀ?" ಅಂದರು. ರುಚಿ ನೋಡಲಿಲ್ಲವಾ ಅಂತ. ನಾವು ನೋಡುವುದಿಲ್ಲ ಅಂದೆ. ಮಾಡಿದವರು ಶುದ್ಧ ಚಮಚದಲ್ಲಿ ರುಚಿ ನೋಡಿ ಸರಿಮಾಡಬೇಕು, ಅದು ಕಡ್ಡಾಯ, ಅದರಲ್ಲಿ ಸೊನ್ನೆ ಬಿದ್ದರೆ ಉಳಿದದ್ದರಲ್ಲಿ ನೂರು ಬಂದರೂ ಇಲ್ಲ ಅಂದರು. ಆಮೇಲೆ ಅವರೇ ಸಾಂಬಾರು ಬಾಯಿಗಿಟ್ಟು ಚಮಚ ಕೆಳಗಿಟ್ಟರು. ಮಸಾಲೆ ಹೊತ್ತಿದೆ, ಇಂಗು ತುಂಬಾ ಜಾಸ್ತಿ ಅಂತ ಬರೆದರು.

ತಮ್ಮ ಬೇಳೆಸಾರು ಆಮಟಿಗೆ ಬೆಲ್ಲ ಸುರಿಯುವವರಿಗೆ ನಮ್ಮ ಸಾಂಬಾರಿನ ಗತ್ತು ಎಲ್ಲಿಂದ ಗೊತ್ತಾಗಬೇಕು?

ಹೆಂಗಸರು ಆರೂ ಜನ ಹೊರಗೆ ಸಾಲಾಗಿ ಕೂತಿದ್ದರು. ಆಗಲಿಲ್ಲ ಅಂದೆ. ಬಸವಣ್ಣೆವ್ವ ನನಗೆ ಒಂದು ಲೋಟ ನೀರು ತಂದುಕೊಟ್ಟಳು.

ಫೆಬ್ರವರಿ 19

ಬರೆಯಲಿಕ್ಕೆ ಎಂತದೂ ಇಲ್ಲ. ಚಟ್ನಿ ಮಾಡಿದೆ.

ಫೆಬ್ರವರಿ 24, ಮಂಗಳವಾರ

ರೇಣು ಮೇಡಂ ಇನ್ನೊಂದು ಅವಕಾಶ ಹಿಡಿದುಕೊಂಡು ಬಂದರು. ಮಾರ್ಚ್ 23. ಅದಾದರೆ ಆಯಿತು, ಇಲ್ಲದಿದ್ದರೆ ಆರೂ ಕಾರ್ಡು ಮತ್ತೆ ಆ ಚಿತ್ರ ತೋರಿಸುವ ಸಂಸ್ಥೆಗೇ ಹೋಗುತ್ತದೆ. ಈ ಭಾಗದಲ್ಲಿ ಅಡುಗೆ ಕಲಿಸಲಿಕ್ಕೆ ಬೇರೆ ಜಾಗವೇ ಇಲ್ಲ.

ನಿಮಗೆ ಯಾಕೆ ಇಷ್ಟು ತಲೆನೋವು, ನಿಮಗೆ ಹೇಗೂ ಸಂಬಳ ಬರುತ್ತದಲ್ಲ ಅಂದೆ. ನನ್ನ ನಾಲಗೆಗೆ ಎಲುಬಿಲ್ಲ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ.

"ಹನ್ನೊಂದು ವರ್ಷ ಆ ರಿಜಿಸ್ಟರಿಗೆ ಸಹಿ ಮಾಡಿದಾಕಿ ನಾನs ಅದೀನ್ರಿ ಅಕ್ಕಾರ. ನಲವತ್ತು ಹೆಸರು, ನಲವತ್ತು ಹಾಜರಿ. ಒಂದ ದಿನ ಹೋಗಿ ನೋಡಿದೆ, ಖೋಲಿಗೆ ಕೀಲಿ ಹಾಕಿತ್ತು. ಬಂದು ಸಹಿ ಮಾಡಿದೆ. ಬಸವಣ್ಣೆವ್ವನ ಸರ್ಟಿಫಿಕೇಟಿನ ಹಿಂದ ನನ್ನ ಸಹಿನs ಅದ. ಈ ಕಾರ್ಡಿನ ಫೈಲು ನಾಕು ವರ್ಷ ಟೇಬಲ್ಲಿಂದ ಟೇಬಲ್ಲಿಗೆ ನಾನs ನೂಕೀನಿ. ಈಗ ಮುಳುಗಿದ್ರ ಮತ್ತ ಯಾರೂ ಕೈ ಹಚ್ಚೂದಿಲ್ಲ."

ಸಾಂಬಾರಿನ ಮೇಲೆ ಇಷ್ಟು ಭಾರ ಇಡಬಾರದು ಅಂತ ಅನ್ನಿಸಿತು. ಉಪ್ಪಿಟ್ಟು ಕೊಟ್ಟೆ, ತಿಂದು ಹೋದರು.

ಮಾರ್ಚ್ 6, ಶುಕ್ರವಾರ

ಇವತ್ತು ಕೊತ್ತಂಬರಿ ಹುರಿಯುತ್ತಿದ್ದೆ. ಬಸವಣ್ಣೆವ್ವ ಪಕ್ಕದಲ್ಲಿ ನಿಂತು ಕಾಯಿ ತುರಿಯುತ್ತಿದ್ದವಳು ಥಟ್ಟನೆ ಒಲೆ ಆರಿಸಿದಳು. ಯಾರ ಅಪ್ಪಣೆ ಅಂತ ಕೇಳಿದೆ.

"ಹೊತ್ತಿದ ವಾಸ್ನಿ ಬರ್ಲಿಕತ್ತದ್ರಿ ಅಕ್ಕಾರ."

"ಎಲ್ಲಿ ಬರ್ತಾ ಉಂಟು?"

"ಇಡೀ ಮನಿ ತುಂಬೇದ್ರಿ. ದಿನಾ ತುಂಬ್ತದ." ಆಮೇಲೆ ತಲೆ ತಗ್ಗಿಸಿ, "ನಿಮಗ ಬರೂದಿಲ್ಲೇನ್ರಿ?"

ಬಾಣಲೆಯ ಮೇಲೆ ಬಗ್ಗಿದೆ. ಬಿಸಿ ತಾಗಿತು. ಮತ್ತೇನೂ ಇಲ್ಲ. ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿದೆ. ಕಾಫಿಪುಡಿ ಹಿಡಿದೆ. ಬೆಳ್ಳುಳ್ಳಿ ಜಜ್ಜಿ ಹಿಡಿದೆ. ಕೊನೆಗೆ ಫಿನಾಯಿಲಿನ ಬಾಟಲಿ. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ.

ಕೊರೊನಾ ಎರಡನೇ ಸಲ ಬಂದಾಗ ಹದಿನೈದು ದಿನ ಮೂಗು ಸತ್ತಿತ್ತು. ಆಮೇಲೆ ಸರಿಯಾಯಿತು ಅಂದುಕೊಂಡಿದ್ದೆ. ಪಾಪ ಆ ಇಂಗಿನವನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಐದು ವರ್ಷದಿಂದ ಊರಿನ ಅಂಗಡಿಯವರನ್ನೆಲ್ಲ ಡೊಂಕು ಮಾಡಿದ್ದೇನೆ.

ಹಾಗಾದರೆ ಐದು ವರ್ಷದಿಂದ ಜನ ಎಂತ ತಿಂದರು? ಗಿರಾಕಿ ಯಾಕೆ ಕಡಿಮೆಯಾಗಲಿಲ್ಲ?

ಮಾರ್ಚ್ 7, ಶನಿವಾರ

ಹನ್ನೊಂದಕ್ಕೆ ಭಾವ ಬಂದರು. ಹೊರಗೆ ಹೋದ ಹಾಗೆ ಮಾಡಿ ಬಾಗಿಲ ಹಿಂದೆ ನಿಂತೆ.

ಅವರು ಸಾಂಬಾರಿನ ದೊಡ್ಡ ಪಾತ್ರೆಯಿಂದ ಒಂದು ಚಮಚ ತೆಗೆದು ಬಾಯಿಗೆ ಹಾಕಿದರು. ಕಣ್ಣು ಮುಚ್ಚಿದರು. ಅರ್ಧ ಸಾಂಬಾರು ಬೇರೆ ಪಾತ್ರೆಗೆ ತೆಗೆದು, ಉಳಿದದ್ದಕ್ಕೆ ಬೇಯಿಸಿಟ್ಟ ಬೇಳೆ ಎರಡು ಸೌಟು, ಹುಣಸೆ ನೀರು, ಒಂದು ಚೂರು ಬೆಲ್ಲ. ಮತ್ತೆ ರುಚಿ ನೋಡಿದರು. ಅರವತ್ತೆಂಟು ವರ್ಷದ ಮನುಷ್ಯ, ಕದ್ದು ತಿನ್ನುವವರ ಹಾಗೆ ಬಾಗಿಲ ಕಡೆ ನೋಡಿದಾಗ ನಾನು ಅಲ್ಲೇ ಇದ್ದೆ.

"ಎಷ್ಟು ದಿನದಿಂದ ಭಾವ?"

"ಎಂತ ಎಷ್ಟು ದಿನ?"

"ಸುಳ್ಳು ಹೇಳ್ಬೇಡಿ."

ಚಮಚ ತೊಳೆದು ಇಟ್ಟರು. "ಕೊರೊನಾ ಕಳೆದ ಮೇಲೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಸೌಟು ಕೆಳಗಿಟ್ಟು ರೂಮಿಗೆ ಹೋಗಿ ಕೂತ್ಕೊಳ್ತಿದ್ದೆ. ತಮ್ಮ ಹೋದ ಮೇಲೆ ನಿನಗೆ ಇದ್ದದ್ದು ಆ ಸೌಟು ಒಂದೇ ಅಲ್ವಾ. ಒಂದು ಸೌಟು ಬೇಳೆಯಿಂದ ಸರಿಯಾಗುವುದಕ್ಕೆ ಯಾಕೆ ಬಾಯಿ ಬಿಡುವುದು ಅಂತ."

ಗಲ್ಲಾದಲ್ಲಿ ಯಾರೋ ಕರೆದರು, ಹೋದರು.

ನಂಬಿಕೆ ಇಲ್ಲ ಅಂತ ಬರೆದಿದ್ದೆನಲ್ಲ, ಆ ಪುಟ ಹರಿಯೋಣ ಅಂದುಕೊಂಡೆ. ಹರಿಯಲಿಲ್ಲ, ಇರಲಿ, ನನಗೆ ಬುದ್ಧಿ ಬರಲಿ. ಐದು ವರ್ಷ ದಿನಾ ಹೊತ್ತಿದ ಸಾಂಬಾರು ಮೊದಲು ನುಂಗಿದವರು ಅವರು. ಹಬ್ಬಕ್ಕೆ ಸೀರೆ ಕೊಟ್ಟದ್ದನ್ನು ನೆನಪಿಟ್ಟುಕೊಂಡಿದ್ದೇನೆ, ಇದು ಗೊತ್ತೇ ಇರಲಿಲ್ಲ. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಇದನ್ನು ಅವರ ಮುಖದ ಎದುರು ಹೇಳಲಿಕ್ಕೆ ನನ್ನಿಂದಾಗಲಿಲ್ಲ.

ಮಾರ್ಚ್ 12, ಗುರುವಾರ

ಸೋಮವಾರ ಡಾಕ್ಟರು ನೋಡಿ, ಇನ್ನು ಬಂದರೂ ಬರಬಹುದು, ಬರದೆಯೂ ಇರಬಹುದು ಅಂದರು. ಅಷ್ಟು ನನಗೂ ಗೊತ್ತಿತ್ತು.

ಅವತ್ತೇ ರೇಣು ಮೇಡಂಗೆ ಫೋನು ಮಾಡಿ, ನನ್ನ ಹೆಸರು ತೆಗೆಯಿರಿ, ಮೂಗಿಲ್ಲದವಳು ಎಂತ ಕಲಿಸುವುದು ಅಂದೆ. ಸಂಜೆ ಅವರು ಬಸವಣ್ಣೆವ್ವನನ್ನು ಕಳಿಸಿದರು. ಅವಳು ಬಂದವಳು ನೆಟ್ಟಗೆ ಒಲೆಯ ಹತ್ತಿರ ನಿಂತು, "ವಾಸ್ನಿ ನಾ ಹೇಳ್ತೀನ್ರಿ. ಯಾವ ವಾಸ್ನಿಗೆ ಏನ್ ಮಾಡೂದು ನೀವು ಹೇಳ್ರಿ" ಅಂದಳು. ಇಷ್ಟೇ. ಇದಕ್ಕೆ ನನಗೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ.

ಈಗ ಹುರಿಯುವಾಗ ಅವಳು ಹೇಳುತ್ತಾಳೆ, ಹಸಿ ಅದ, ಇನ್ನೂ ಹಸಿ, ಈಗ ಬಂತು. ನಾನು ಬಣ್ಣ ನೋಡುತ್ತೇನೆ, ಕಾಳು ಸಿಡಿಯುವ ಸದ್ದು ಕೇಳುತ್ತೇನೆ. ಉಳಿದ ಐವರೂ ಸುತ್ತ ನಿಂತು ಹೌದು, ಅಲ್ಲ ಅಂತ ಗಲಾಟೆ. ಅಡುಗೆಮನೆ ಮೀನು ಮಾರ್ಕೆಟ್ಟಿನಂತಾಗಿದೆ.

ರುಚಿ ನೋಡುವುದು ಮಾತ್ರ ಕಷ್ಟ. ಚಮಚ ತುಟಿಯವರೆಗೆ ಬರುತ್ತದೆ, ಕೈ ನಿಲ್ಲುತ್ತದೆ. ಅತ್ತೆ ಹಿಂದೆ ನಿಂತ ಹಾಗೆ. ಕೊನೆಗೆ ಒಂದು ಉಪಾಯ ಮಾಡಿದೆ. ಮೊದಲೇ ಒಂದು ಚಿಕ್ಕ ಬಟ್ಟಲು ದೇವರಿಗೆ ತೆಗೆದಿಟ್ಟೆ, ಆಮೇಲೆ ನನ್ನ ಚಮಚ. ಉಪ್ಪು ಮುಂದಾಗಿತ್ತು. ನನ್ನ ಸಾಂಬಾರಿನಲ್ಲಿ ಉಪ್ಪು ಜಾಸ್ತಿ ಅಂತ ನಾನೇ ಹೇಳಿದ್ದು ಇದೇ ಮೊದಲು. ಸಾಬವ್ವ ಜೋರಾಗಿ ನಕ್ಕಳು, ನನಗೂ ನಗು ಬಂತು.

ಮಾರ್ಚ್ 19, ಗುಡಿ ಪಾಡ್ವ, ಇಲ್ಲಿಯವರ ಯುಗಾದಿ

ಹೋಟೆಲು ಭರ್ತಿ. ಕೂರಲಿಕ್ಕೂ ಹೊತ್ತಿಲ್ಲ. ಭಾವ ಹನ್ನೊಂದಕ್ಕೆ ಒಳಗೆ ಬಂದು ಚಮಚ ಬಾಯಿಗಿಟ್ಟು, ಏನೂ ಹಾಕದೆ ಹೊರಗೆ ಹೋದರು.

ಮಾರ್ಚ್ 23, ಸೋಮವಾರ

ಪೂರ್ವಾ ಮೇಡಂ ಕೂತ ತಕ್ಷಣ ನಾನೇ ಹೇಳಿಬಿಟ್ಟೆ. ನನಗೆ ಐದು ವರ್ಷದಿಂದ ವಾಸನೆ ಬರುವುದಿಲ್ಲ, ಆವತ್ತು ನೀವು ಬರೆದದ್ದು ಸರಿ, ನಾನು ಮನಸ್ಸಿನಲ್ಲಿ ನಿಮ್ಮನ್ನು ಬೈದಿದ್ದೆ. ಹಿಂದೆ ನಿಂತಿದ್ದ ರೇಣು, ಈಗ ನನಗೆ ಮೇಡಂ ಅಲ್ಲ, ಕಣ್ಣು ಮುಚ್ಚಿಕೊಂಡಳು. ಹೇಳದೆ ಮಾಡಬಹುದಿತ್ತು. ಹೇಳದೆ ಮಾಡಿದರೆ ಏನಾಗುತ್ತದೆ ಅಂತ ಐದು ವರ್ಷ ನೋಡಿಯಾಗಿದೆಯಲ್ಲ.

ಈ ಸಲ ತಾನೂ ಬಸವಣ್ಣೆವ್ವನೂ ಒಳಗಿರಲಿಕ್ಕೆ ರೇಣು ಮೊದಲೇ ಒಪ್ಪಿಗೆ ತೆಗೆದುಕೊಂಡಿದ್ದಳು. ಹುರಿಯುವಾಗ ಬಸವಣ್ಣೆವ್ವನನ್ನು ಕೇಳಿದೆ. ಮೇಡಂ ತಡೆದರು. "ಪರೀಕ್ಷೆ ನಿಮಗೆ. ಅವಳನ್ನು ಯಾಕೆ ಕೇಳುತ್ತೀರಿ?"

"ನಾನು ಕಲಿಸುವುದು ಹೀಗೇ" ಅಂದೆ. "ಅವರು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಮಸಾಲೆ ಹೊತ್ತುತ್ತದೆ."

ಅವರು ಬಸವಣ್ಣೆವ್ವನ ಕಡೆ ತಿರುಗಿ, ಒಲೆ ಯಾವಾಗ ಆರಿಸಬೇಕು ಅಂತ ಕೇಳಿದರು. ಅವಳು ಹರಕು ಮರಾಠಿಯಲ್ಲಿ ಶುರುಮಾಡಿ ಕನ್ನಡಕ್ಕೆ ಇಳಿದಳು. "ಮೊದಲ ಹಸಿ ಹುಲ್ಲಿನ ವಾಸ್ನಿ ಬರ್ತದ್ರಿ. ಆಮ್ಯಾಲ ಹುರಿದ ಕಡ್ಲಿದು. ಆವಾಗ ಆರಸಬೇಕು. ಬಾಣಲಿ ಬಿಸಿ ಇರ್ತದಲ್ರಿ, ಉಳಿದದ್ದು ಅದs ಹುರಿತದ. ಪೂರಾ ಆಗೂ ತನಕ ಕಾದ್ರ ತಡಾ ಆತು." ರೇಣು ಮರಾಠಿಗೆ ತಂದು ಹೇಳಿದಳು. ಈ ಕಡಾಯಿಯ ಬಿಸಿಯ ಮಾತು ನಾನು ಒಂದೇ ಸಲ ಹೇಳಿದ್ದು, ಬೇರೆ ಯಾರಿಗೋ ಬೈಯುವಾಗ.

ಆಮೇಲೆ ಚಮಚ ತೊಳೆದು ರುಚಿ ನೋಡಿದೆ. ಹುಳಿ ಕಡಿಮೆ, ಸರಿಮಾಡಿದೆ. ಮೇಡಂ ತಮ್ಮ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ರುಚಿ ಪರೀಕ್ಷಿಸುವ ಕ್ರಮ ಇದೆಯೇ ಅಂತ ಉಂಟು, ಯಾರ ಮೂಗು ಅಂತ ಎಲ್ಲಿಯೂ ಇಲ್ಲ ಅಂದರು. ಪಾಸು. ಹೋಗುವಾಗ ಸಾಂಬಾರು ಡಬ್ಬಿಗೆ ಹಾಕಿಸಿಕೊಂಡು ಹೋದರು, ಬೆಲ್ಲ ಹಾಕದೆ.

ಮಾರ್ಚ್ 27, ಶುಕ್ರವಾರ

ಪಾಸಾದದ್ದೇ ಮುಗಿಯಲಿಲ್ಲ. ಹೆಂಗಸರು ನಮ್ಮನ್ನು ಆರಿಸಬೇಕಲ್ಲ. ಆ ಸಂಸ್ಥೆಯ ಮನುಷ್ಯ ಭೋಸರಿಯ ಅವರ ಗಲ್ಲಿಯಲ್ಲಿ ಮನೆಮನೆ ತಿರುಗುತ್ತಿದ್ದಾನಂತೆ. ಅಲ್ಲಿಗೆ ಬಂದರೆ ಮಿಕ್ಸರು ಕೊಡುತ್ತಾನಂತೆ, ತರಗತಿಗೆ ಬರದಿದ್ದರೂ ಹಾಜರಿಯಂತೆ. ಮೂಗಿಲ್ಲದ ಅಡುಗೆಯವಳ ಹತ್ತಿರ ಏನು ಕಲಿಯುತ್ತೀರಿ ಅಂತಲೂ ಹೇಳಿದ್ದಾನೆ. ಸಾಬವ್ವನೇ ಬಂದು ಹೇಳಿದಳು, ಹೇಳುವಾಗ ನೆಲ ನೋಡುತ್ತಿದ್ದಳು.

ನನಗೆ ಅವರನ್ನು ಹಿಡಿದು ನಿಲ್ಲಿಸಬೇಕು ಅನ್ನಿಸಿತು. ಆದರೆ ಕಾರ್ಡು ಅವರದ್ದು. ಮಿಕ್ಸರು ಅಂದರೆ ಸಣ್ಣ ವಸ್ತುವೂ ಅಲ್ಲ, ಕೈಯಲ್ಲಿ ಅರೆದವರಿಗೆ ಗೊತ್ತು. "ನಿಮಗೆ ಒಳ್ಳೆಯದು ಕಂಡದ್ದನ್ನು ಮಾಡಿ" ಅಂದೆ. ಭಾವ ಕೇಳಿಸಿಕೊಂಡು, "ಸ್ವಲ್ಪ ಒತ್ತಾಯ ಮಾಡ್ಬೇಕಿತ್ತು ಮಾರಾಯ್ತಿ" ಅಂದರು. ಆಗಲಿಲ್ಲ.

ಮಾರ್ಚ್ 30, ಸೋಮವಾರ, ರಾತ್ರಿ

ನಾಳೆ ಮಹಾವೀರ ಜಯಂತಿಯ ರಜೆ, ಹಾಗಾಗಿ ಇವತ್ತೇ ಕೊನೆ. ರೇಣುವಿನ ಆಫೀಸಿನಲ್ಲಿ ಒಂದು ಯಂತ್ರ, ಅದರ ಮೇಲೆ ಹೆಬ್ಬೆರಳು ಒತ್ತಿ ಜಾಗದ ಹೆಸರು ಹೇಳಬೇಕು. ನಾನು ಮೂಲೆಯ ಬೆಂಚಿನಲ್ಲಿ ಕೂತೆ, ಬಾಯಿ ತೆರೆಯಬಾರದು ಅಂತ ರೇಣು ಮೊದಲೇ ತಾಕೀತು ಮಾಡಿದ್ದಳು.

ಮೊದಲ ಇಬ್ಬರು ಸಂಸ್ಥೆಯ ಹೆಸರು ಹೇಳಿದರು. ಒಬ್ಬಳು ನನ್ನ ಕಡೆ ನೋಡಲಿಲ್ಲ, ಇನ್ನೊಬ್ಬಳು ನೋಡಿ ಅತ್ತಳು. ಅವಳ ಗಂಡ ಬಾಗಿಲಲ್ಲಿ ನಿಂತಿದ್ದ. ಇನ್ನು ಉಳಿದದ್ದು ನಾಲ್ಕು. ನಾಲ್ಕೂ ಬೇಕು.

ಸಾಬವ್ವ ನಮ್ಮ ಹೆಸರು ಹೇಳಿದಳು. ಅವಳ ಹಿಂದಿನ ಇಬ್ಬರೂ ಹೇಳಿದರು.

ಕೊನೆಗೆ ಬಸವಣ್ಣೆವ್ವ. ಹೆಬ್ಬೆರಳು ಒತ್ತಿದಳು, ಯಂತ್ರ ಕೆಂಪು ತೋರಿಸಿತು. ಮತ್ತೆ ಕೆಂಪು. ಸಿಮೆಂಟು ಹೊತ್ತು, ಪಾತ್ರೆ ತಿಕ್ಕಿ ಅವಳ ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ಗಂಟೆ ನಾಲ್ಕೂಮುಕ್ಕಾಲು. ಐದಕ್ಕೆ ಯಂತ್ರ ಬಂದ್. ರೇಣು ಒರೆಸಿ ನೋಡಿದಳು, ಊದಿ ನೋಡಿದಳು. ಕೆಂಪು.

ತಾಕೀತು ಮರೆತು ಎದ್ದೆ. ಅವಳ ಕೈ ಹಿಡಿದು, ನನ್ನ ತಲೆಯ ಎಣ್ಣೆ ಬೆರಳಿಗೆ ಹಚ್ಚಿ, ಚೆನ್ನಾಗಿ ತೀಡಿ, ಸೆರಗಿನಿಂದ ಒರೆಸಿದೆ. ಚರ್ಮ ಮೆತ್ತಗಾಗುವವರೆಗೆ ತೀಡಿದೆ. ಒತ್ತು ಅಂದೆ. ಹಸಿರು ಬಂತು.

"ಎಲ್ಲಿ ಕಲಿಯೋರು?" ರೇಣು ಕೇಳಿದಳು, ಗೊತ್ತಿಲ್ಲದವಳ ಹಾಗೆ.

"ಹೋಟೆಲ್ ಪಂಚಮಿ."

"ಯಾಕ ಆರಿಸಿದ್ರಿ? ಮನಿ ಹತ್ರ ಅದ, ಪರಿಚಯದವರು ಹೇಳ್ಯಾರ, ಪಗಾರ ಚಲೋ ಸಿಗ್ತದ, ಬ್ಯಾರೆ. ಒಂದು ಹೇಳ್ರಿ."

"ಬ್ಯಾರೆ." ಬಸವಣ್ಣೆವ್ವ ಬೆರಳು ನೋಡಿಕೊಳ್ಳುತ್ತಾ ಹೇಳಿದಳು, "ಹಿಂದ ಕಲಿಸಿದವರಿಗೆ ಎಲ್ಲಾ ಬರ್ತಿತ್ರಿ, ನಮಗ ಏನೂ ಬರಲಿಲ್ಲ. ಇವರು ತಮಗ ಬರಲಾರದ್ದು ನನ್ನ ಕೇಳ್ತಾರ. ನನ್ನ ಯಾರೂ ಏನೂ ಕೇಳಿದ್ದಿಲ್ರಿ."

ರೇಣು "ಬ್ಯಾರೆ" ಅನ್ನುವಲ್ಲಿ ಒತ್ತಿದಳು.

ಈ ನಾಲ್ವರಿಗೆ, ರೇಣುಗೆ, ಭಾವನಿಗೆ ನಾನು ಋಣಿ. ಆ ಪೂರ್ವಾ ಮೇಡಂಗೂ. ತೀರಿಸಲಿಕ್ಕಾಗುವ ಋಣ ಅಲ್ಲ, ಬರೆದಾದರೂ ಇಡುತ್ತೇನೆ. ಮನೆಗೆ ಬಂದು ಭಾವನಿಗೆ ಹೇಳಿಯೂ ಹೇಳಿದೆ. ಅವರು ಆಯ್ತಾಯ್ತು ಅಂತ ಪೇಪರು ಎತ್ತಿಕೊಂಡರು, ಪೇಪರು ತಲೆಕೆಳಗಾಗಿತ್ತು.

ಬರುವಾಗ ಬಸ್ಸಿನಲ್ಲಿ ನಾಲ್ವರೂ ನನ್ನ ಜೊತೆಗೇ ಇದ್ದರು. ಬುಧವಾರ ಶುರು, ಮೊದಲನೇ ದಿನ ಏನು ಕಲಿಸುತ್ತೀರಿ ಅಂತ ಸಾಬವ್ವ ಕೇಳಿದಳು. "ನನಗೂ ಅದೇ ಯೋಚನೆ. ಎಂತದರಿಂದ ಶುರು ಮಾಡುವುದು, ನೀವೇ ಹೇಳಿ" ಅಂದೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿದ್ದು ಬಿದ್ದು ನಕ್ಕರು. ಅದರಲ್ಲಿ ಅಷ್ಟು ನಗುವಂಥದ್ದು ಏನಿತ್ತೋ ನನಗೆ ಇನ್ನೂ ಗೊತ್ತಾಗಿಲ್ಲ.